ಫು ಕ್ವೊಕ್ ದ್ವೀಪದಿಂದ ಏನು ತರಬಹುದು? ಮೀನಿನ ಸಾಸ್, ಕಾಳುಮೆಣಸು, ಸಿಮ್ ಹಣ್ಣಿನ ವೈನ್

ಕಡಲಹಾದಿ:
ಮುಂದಿನ ತಿಂಗಳು ವಿಯೆಟ್ನಾಮಿನ ಫು ಕ್ವೊಕ್ ದ್ವೀಪಕ್ಕೆ ಹೋಗುವುದಿದೆ. ಅಲ್ಲಿನ ಮೀನಿನ ಸಾಸ್ ಹೆಸರುವಾಸಿ ಅಂತ ಗೊತ್ತು. ಆದರೆ ಬಾಟಲಿಗಳ ಮೇಲೆ 30, 35, 40, 43 ಅಂತ ಅಂಕಿ ಇರುತ್ತವಲ್ಲ, ಅವೇನು? ಅಸಲಿ ಯಾವುದು ಅಂತ ತಿಳಿಯೋದು ಹೇಗೆ? ವಿಮಾನದಲ್ಲಿ ಬಿಡ್ತಾರಾ? ಮನೆಯಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಅವರಿಗೆ ಏನು ತರಬಹುದು?

ಉಪ್ಪುನೀರು:
ಅದು ಸಾರಜನಕದ ಅಂಕಿ. 40 ಅಂದರೆ ಒಂದು ಲೀಟರ್ ಸಾಸಿನಲ್ಲಿ 40 ಗ್ರಾಂ ಸಾರಜನಕ. ಮೀನಿನ ಪ್ರೋಟೀನ್ ಎಷ್ಟು ಕರಗಿ ರಸಕ್ಕೆ ಇಳಿದಿದೆ ಅನ್ನೋದರ ಅಳತೆ. ಅಂಕಿ ಏರಿದಷ್ಟೂ ರುಚಿ ಗಾಢ, ಬೆಲೆಯೂ ಜಾಸ್ತಿ.

ಮಾಡುವ ಕ್ರಮ ಹೀಗೆ. ಬೆರಳುದ್ದದ ಆಂಚೋವಿ ಮೀನನ್ನು (ಕೇರಳದವರ ನೆತ್ತೋಲಿ) ಹಿಡಿದ ಕೂಡಲೇ ದೋಣಿಯಲ್ಲೇ ಉಪ್ಪಿಗೆ ಬೆರೆಸುತ್ತಾರೆ. ತೂಕದಲ್ಲಿ ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು. ದಡಕ್ಕೆ ಬರುವವರೆಗೆ ಕಾದರೆ ಮೀನು ಕೆಡಲು ಶುರುವಾಗಿ ಹಿಸ್ಟಮಿನ್ (ಅಲರ್ಜಿಯಂಥ ತೊಂದರೆ ಕೊಡುವ ವಸ್ತು) ಏರುತ್ತದೆ, ವಾಸನೆಯೂ ಹಾಳು. ಈ ಸಾಸಿನ ಕೆಂಗಂದು ಬಣ್ಣಕ್ಕೂ ತಾಜಾ ಮೀನಿಗೆ ಉಪ್ಪು ಹಾಕುವುದೇ ಕಾರಣ ಅನ್ನುತ್ತಾರೆ. ಉಪ್ಪು ಮಾತ್ರ ಹಳತಾಗಿರಬೇಕು. ತಿಂಗಳುಗಟ್ಟಲೆ ರಾಶಿ ಹಾಕಿಟ್ಟು, ಮೆಗ್ನೀಸಿಯಂ ಲವಣಗಳು ನೀರಾಗಿ ಬಸಿದುಹೋದ ಮೇಲೆ ಬಳಸುತ್ತಾರೆ. ಹೊಸ ಉಪ್ಪು ಹಾಕಿದರೆ ಸಾಸ್ ಕಹಿ.

ಆಮೇಲೆ ಟನ್‌ಗಟ್ಟಲೆ ಮೀನು ಹಿಡಿಸುವ ಮರದ ಪೀಪಾಯಿಗೆ ತುಂಬುತ್ತಾರೆ. ಹಲಗೆಗಳನ್ನು ಬಿಗಿದು ಹಿಡಿಯುವುದು ಬೆತ್ತದ ಹಗ್ಗ. ಮೇಲೆ ಉಪ್ಪಿನ ಪದರ, ಅದರ ಮೇಲೆ ಹಲಗೆ ಹಾಸಿ ಭಾರ ಹೇರುತ್ತಾರೆ. ಮೀನು ಮೇಲೆದ್ದು ಗಾಳಿಗೆ ತೆರೆದುಕೊಂಡರೆ ನೊಣ ಕೂತು ಕೆಡುತ್ತದೆ. 12ರಿಂದ 15 ತಿಂಗಳು ಹಾಗೇ ಬಿಟ್ಟರೆ ಮೀನಿನ ಹೊಟ್ಟೆಯಲ್ಲಿರುವ ಕಿಣ್ವಗಳೇ ಮಾಂಸ ಕರಗಿಸುತ್ತವೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಉಪ್ಪು ಅವಕಾಶ ಕೊಡುವುದಿಲ್ಲ. ಬುಡದ ತೂಬಿನಿಂದ ಇಳಿಸುವ ಮೊದಲ ರಸಕ್ಕೆ ‘ನ್ಹೀ’ ಅಂತ ಹೆಸರು. ಅದು ಮುಗಿದ ಮೇಲೆ ಅದೇ ಮೀನಿಗೆ ಉಪ್ಪುನೀರು ಹಾಯಿಸಿ ಎರಡನೇ, ಮೂರನೇ ರಸ ತೆಗೆಯುತ್ತಾರೆ. ಪ್ರತಿ ಸಲವೂ ಅಂಕಿ ಇಳಿಯುತ್ತದೆ.

ಅಸಲಿ ಗುರುತಿಸಲು ಅಂಕಿಗಿಂತ ಮೊದಲು ಪದಾರ್ಥಗಳ ಪಟ್ಟಿ ಓದಿ. ಮೀನು, ಉಪ್ಪು, ಅಷ್ಟೇ ಇರಬೇಕು. 621 (ಅಜಿನೊಮೊಟೊ), 627, 631 (ರುಚಿ ಹೆಚ್ಚಿಸುವವು), 955 (ಸುಕ್ರಲೋಸ್ ಎಂಬ ಕೃತಕ ಸಿಹಿ), 150 (ಕ್ಯಾರಮೆಲ್ ಬಣ್ಣ), 415 (ಗಟ್ಟಿ ಮಾಡುವ ಅಂಟು) ಇಂಥ ಸಂಖ್ಯೆಗಳು ಕಂಡರೆ ಅದು ತೆಳು ರಸಕ್ಕೆ ರುಚಿ ಕಟ್ಟಿದ್ದು. ವಿಳಾಸ ದ್ವೀಪದ್ದೇ ಇರಲಿ. 2025ರ ಜುಲೈನಲ್ಲಿ, ಈ ದ್ವೀಪವಿದ್ದ ಕಿಯೆನ್ ಜಿಯಾಂಗ್ ಪ್ರಾಂತ್ಯ ಪಕ್ಕದ ಆನ್ ಜಿಯಾಂಗ್‌ಗೆ ಸೇರಿತು. ಹಾಗಾಗಿ ಲೇಬಲ್‌ನಲ್ಲಿ ಎರಡರಲ್ಲಿ ಯಾವ ಹೆಸರಿದ್ದರೂ ಅನುಮಾನ ಬೇಡ. ಐರೋಪ್ಯ ಒಕ್ಕೂಟ 2012ರಲ್ಲೇ ಈ ಸಾಸಿನ ಹೆಸರಿಗೆ ಮೂಲಸ್ಥಾನದ ರಕ್ಷಣೆ ಕೊಟ್ಟಿದೆ, ಅಂದರೆ ಅಲ್ಲಿ ಬೇರೆ ಊರಿನ ಸಾಸಿಗೆ ಈ ಹೆಸರು ಹಾಕುವಂತಿಲ್ಲ.

ಒಗ್ಗರಣೆ:
ಒಂದು ಸೇರಿಸುತ್ತೇನೆ. ಮೀನು, ಉಪ್ಪಿನಿಂದ ಸಹಜವಾಗಿ ಸಿಗುವುದು ಹೆಚ್ಚೆಂದರೆ 40–43ರ ಆಸುಪಾಸು. 60 ಅಂತ ಬರೆದಿದ್ದರೆ ಅದು ನೀರಿನಂಶ ತೆಗೆದು ಗಟ್ಟಿ ಮಾಡಿದ್ದು. ಬೇಯಿಸುವ ಅಡುಗೆಗೆ 30–35 ಧಾರಾಳ ಸಾಕು. 40ರದ್ದು ಅದ್ದಿಕೊಂಡು ತಿನ್ನಲು. ಬಿಸಿ ಬಾಣಲೆಗೆ ಅದನ್ನು ಸುರಿಯುವುದು ದುಡ್ಡು ದಂಡ.

ಅದ್ದಿಕೊಳ್ಳುವ ರಸಕ್ಕೆ ಸಾಸ್ 1 ಚಮಚ, ಸಕ್ಕರೆ 1, ನಿಂಬೆರಸ 1, ನೀರು 4. ಬೆಚ್ಚಗಿನ ನೀರಲ್ಲಿ ಸಕ್ಕರೆ ಕರಗಿಸಿ, ಆರಿದ ಮೇಲೆ ನಿಂಬೆರಸ, ಆಮೇಲೆ ಸಾಸ್. ಹೆಚ್ಚಿದ ಬೆಳ್ಳುಳ್ಳಿ, ಮೆಣಸಿನಕಾಯಿ ಕೊನೆಗೆ. ಬೇರೆ ಉಪ್ಪು ಬೇಡವೇ ಬೇಡ, ಲೀಟರಿಗೆ 250 ಗ್ರಾಮಿಗೂ ಹೆಚ್ಚು ಉಪ್ಪು ಸಾಸಿನಲ್ಲೇ ಇರುತ್ತದೆ. ಬಿ.ಪಿ. ಇರುವವರು ಗಮನಿಸಿ. ತೆರೆದ ಬಾಟಲಿ ದಿನ ಕಳೆದಂತೆ ಕಪ್ಪಾಗುವುದು, ತಳದಲ್ಲಿ ಉಪ್ಪಿನ ಹರಳು ಕೂರುವುದು ಕೆಟ್ಟ ಲಕ್ಷಣವಲ್ಲ.

ಮೆಣಸಿನಬಳ್ಳಿ:
ಸಸ್ಯಾಹಾರಿಗಳಿಗೆ ಕಾಳುಮೆಣಸು ತನ್ನಿ. ನಮ್ಮ ಪಶ್ಚಿಮ ಘಟ್ಟದ ಬಳ್ಳಿಯೇ ಅದು. ಆದರೆ ಅಲ್ಲಿ ನಮ್ಮ ಹಾಗೆ ಅಡಿಕೆ ಮರಕ್ಕೋ ಸಿಲ್ವರ್ ಓಕ್‌ಗೋ ಹಬ್ಬಿಸದೆ, ಹೆಚ್ಚಾಗಿ ನೆಟ್ಟ ಕಂಬಗಳಿಗೆ ಹಬ್ಬಿಸುತ್ತಾರೆ. ಕಪ್ಪು ಮೆಣಸು ನಮ್ಮಲ್ಲೂ ಚೆನ್ನಾಗಿದೆ, ಅದಕ್ಕಾಗಿ ಅಷ್ಟು ದೂರದಿಂದ ಹೊರುವುದು ಬೇಡ. ತರಬೇಕಾದ್ದು ಕೆಂಪು ಮೆಣಸು. ಬಳ್ಳಿಯಲ್ಲೇ ಪೂರ್ತಿ ಹಣ್ಣಾದ ಕಾಳುಗಳನ್ನು ಕೈಯಲ್ಲಿ ಆರಿಸಿ, ಸಿಪ್ಪೆ ಸಮೇತ ಒಣಗಿಸಿದ್ದು. ಖಾರದ ಜತೆ ಹಣ್ಣಿನ ಸಿಹಿ ಪರಿಮಳ ಇರುತ್ತದೆ. ಅದೇ ಹಣ್ಣನ್ನು ನೀರಲ್ಲಿ ನೆನೆಸಿ ಸಿಪ್ಪೆ ಉಜ್ಜಿ ತೆಗೆದರೆ ಬಿಳಿ ಮೆಣಸು, ಶಿರಸಿ ಕಡೆಯ ಬೋಳಕಾಳು.

ಕೊಳ್ಳುವಾಗ ಒಂದು ಕಾಳು ಕಚ್ಚಿ ನೋಡಿ. ಪಟ್ಟನೆ ಒಡೆಯಬೇಕು. ಮೆತ್ತಗೆ ಬಾಗಿದರೆ ಒಣಗಿಲ್ಲ, ಪೊಟ್ಟಣದಲ್ಲೇ ಬೂಷ್ಟು ಹಿಡಿಯುತ್ತದೆ. ಕೆಂಪು ಮೆಣಸಿನಲ್ಲಿ ಈ ತೊಂದರೆ ಹೆಚ್ಚು, ಯಾಕೆಂದರೆ ಹಣ್ಣಿನ ಸಿಪ್ಪೆ ಬೇಗ ಒಣಗುವುದಿಲ್ಲ. ಬಣ್ಣ ಕಂದುಗೆಂಪು ಇರಬೇಕು. ಕುಂಕುಮದಷ್ಟು ಕೆಂಪಾಗಿ ಹೊಳೆಯುತ್ತಿದ್ದರೆ ಬಿಡಿ. ಪುಡಿ ಬೇಡ, ಕಾಳೇ ತನ್ನಿ.

ತಿನ್ನುವ ಮುಂಚೆ ತರಿತರಿಯಾಗಿ ಕುಟ್ಟಿ, ಸಮ ಪಾಲು ಉಪ್ಪು ಸೇರಿಸಿ, ನಿಂಬೆಹಣ್ಣು ಹಿಂಡಿ. ಅಲ್ಲಿ ಇದನ್ನು ಏಡಿ, ಮೀನಿಗೆ ಅದ್ದಿಕೊಳ್ಳುತ್ತಾರೆ. ನಮ್ಮ ಸೌತೆಕಾಯಿ, ಪೇರಳೆ, ಹುರಿದ ಗೆಣಸಿಗೂ ಬಲು ಚೆನ್ನ.

ಕಡಲಹಾದಿ:
ತುಂಬಾ ಉಪಕಾರವಾಯಿತು. ಅಲ್ಲಿ ಸಿಗುವ ಸಿಮ್ ವೈನ್ ಮತ್ತು ಮುತ್ತಿನ ಬಗ್ಗೆ ಯಾರಾದರೂ ಹೇಳ್ತೀರಾ?

ಒಗ್ಗರಣೆ:
ಸಿಮ್ ಅಂದರೆ ಗುಡ್ಡದ ಪೊದೆಯಲ್ಲಿ ಬಿಡುವ ನೇರಳೆ ಬಣ್ಣದ ಹಣ್ಣು. ನಮ್ಮ ನೀಲಗಿರಿಯಲ್ಲೂ ಈ ಗಿಡ ಇದೆ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಹಣ್ಣಿಗೆ ಸಕ್ಕರೆ ಬೆರೆಸಿ ಹುಳಿ ಬರಿಸಿದ್ದು ಒಂದು, ಅಕ್ಕಿ ಸಾರಾಯಿಯಲ್ಲಿ ಹಣ್ಣು ನೆನೆಹಾಕಿದ್ದು ಇನ್ನೊಂದು. ಎರಡನೆಯದು ಬಹಳ ಕಡಕ್, ಲೇಬಲ್‌ನಲ್ಲಿ ಮದ್ಯಸಾರದ ಶೇಕಡಾವಾರು ನೋಡಿಯೇ ತೆಗೆದುಕೊಳ್ಳಿ. ಭಾರತಕ್ಕೆ ಸುಂಕವಿಲ್ಲದೆ ತಲೆಗೆ 2 ಲೀಟರ್ ತರಬಹುದು. ಕುಡಿಯದವರಿಗೆ ಸಿಮ್ ಹಣ್ಣಿನ ಪಾಕವೂ ಸಿಗುತ್ತದೆ, ನೀರು, ನಿಂಬೆರಸ ಸೇರಿಸಿದರೆ ಶರಬತ್ತು.

ಮುತ್ತು ಎರಡನ್ನು ಮೆಲ್ಲಗೆ ಒಂದಕ್ಕೊಂದು ಉಜ್ಜಿ. ಅಸಲಿಯಾದರೆ ಸಣ್ಣ ಮರಳಿನಂತೆ ತರಿ ಹತ್ತುತ್ತದೆ, ಗಾಜು ಜಾರುತ್ತದೆ. ಆದರೆ ಸಿಹಿನೀರಿನ ಅಗ್ಗದ ಮುತ್ತೂ ಅಸಲಿಯೇ, ಈ ಪರೀಕ್ಷೆಯಲ್ಲಿ ಅದೂ ಪಾಸಾಗುತ್ತದೆ. ಸಮುದ್ರದ್ದೋ ಸಿಹಿನೀರಿನದೋ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಉಪ್ಪುನೀರು:
ವಿಮಾನದ ಪ್ರಶ್ನೆ ಉಳಿದಿತ್ತು. ಸಾಸ್ ಕೈಚೀಲದಲ್ಲಿ ನಡೆಯುವುದಿಲ್ಲ, 100 ಮಿಲಿ ಮೀರಿದ ದ್ರವ. ಚೆಕ್-ಇನ್ ಸಾಮಾನಿನಲ್ಲೂ ಒಡೆದರೆ ನಾರುತ್ತದೆ ಅಂತ ಕೆಲವು ವಿಮಾನ ಕಂಪನಿಗಳು ಒಪ್ಪುವುದಿಲ್ಲ. ಕೊಳ್ಳುವ ಮೊದಲೇ ನಿಮ್ಮ ಕಂಪನಿಯ ನಿಯಮ ಕೇಳಿ, ವಿಮಾನ ಬದಲಿಸುವುದಿದ್ದರೆ ಎರಡೂ ಕಂಪನಿಗಳದ್ದು. ಒಪ್ಪಿದರೆ ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿ ಕೇಳಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಜಿಪ್ ಚೀಲದೊಳಗಿಟ್ಟು, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ಕಟ್ಟಿಸಿ. ಮೆಣಸನ್ನು ಮಾತ್ರ ಅದೇ ಸೂಟ್‌ಕೇಸಿನಲ್ಲಿ ಇಡಬೇಡಿ.