ಮೂಳೆ ಕೂಡಿಕೊಳ್ಳುತ್ತದೆ, ಕಾರ್ಟಿಲೇಜ್ ಯಾಕೆ ಬೆಳೆಯುವುದಿಲ್ಲ?

ಪ್ರಶ್ನೆ: ಡಾಕ್ಟ್ರೇ, ಹೋದ ವರ್ಷ ನನ್ನ ಮುಂಗೈ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್ ಹಾಕಿದ್ದರು, ಕೂಡಿಕೊಂಡಿತು. ಈಗ ಅಮ್ಮನ ಮಂಡಿ ಎಕ್ಸ್‌ರೇ ನೋಡಿ "ಗ್ಯಾಪ್ ಕಮ್ಮಿ ಆಗಿದೆ, ಕಾರ್ಟಿಲೇಜ್ ಸವೆದಿದೆ, ಮತ್ತೆ ಬೆಳೆಯುವುದಿಲ್ಲ" ಅಂದರು. ಗಟ್ಟಿ ಮೂಳೆಯೇ ಕೂಡಿಕೊಳ್ಳುವಾಗ ಮೆತ್ತಗಿರುವ ಇದಕ್ಕೇನು ಕಷ್ಟ?

ಉತ್ತರ (ಮೂಳೆ ಡಾಕ್ಟರ್): ಮೊದಲು ಆ ಗ್ಯಾಪ್ ವಿಷಯ. ಎಕ್ಸ್‌ರೇಯಲ್ಲಿ ಎರಡು ಮೂಳೆ ನಡುವೆ ಕಪ್ಪಗೆ ಕಾಣುವುದು ಖಾಲಿ ಜಾಗ ಅಲ್ಲ. ಕಾರ್ಟಿಲೇಜ್, ಅಂದರೆ ಮೂಳೆ ತುದಿಗೆ ಹೊದಿಸಿದ ಮೆತ್ತನೆಯ ಪದರ, ಇರುವುದೇ ಅಲ್ಲಿ. ಮೂಳೆಯ ಹಾಗೆ ಸುಣ್ಣದಂಶ ಇಲ್ಲ, ಅದಕ್ಕೇ ಕಾಣುವುದಿಲ್ಲ. ಮೂಳೆಗಳು ಹತ್ತಿರ ಬಂದಿವೆ ಅಂದರೆ ನಡುವಿನ ಮೆತ್ತೆ ತೆಳುವಾಗಿದೆ ಅಂತ ಲೆಕ್ಕ.

ವ್ಯತ್ಯಾಸ ಇರುವುದು ರಕ್ತದಲ್ಲಿ. ಮೂಳೆ ನೋಡೋಕೆ ಕಲ್ಲಿನ ಹಾಗಿದ್ದರೂ ಒಳಗೆಲ್ಲ ರಕ್ತನಾಳ. ಮುರಿದ ಕೂಡಲೇ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ರಿಪೇರಿ ಮಾಡುವ ಜೀವಕೋಶಗಳು ಬಂದು ಸೇರುತ್ತವೆ. ತಮಾಷೆ ಅಂದರೆ, ಪ್ಲಾಸ್ಟರ್ ಒಳಗೆ ಅವು ಮೊದಲು ಕಟ್ಟುವುದು ಹೆಚ್ಚಾಗಿ ಕಾರ್ಟಿಲೇಜನ್ನೇ! ಆಮೇಲೆ ಅದರ ಜಾಗಕ್ಕೆ ಮೂಳೆ ಬರುತ್ತದೆ. ತಾಯಿಯ ಹೊಟ್ಟೆಯಲ್ಲಿ ಮಗುವಿನ ಕೈಕಾಲು ಮೂಳೆ ಆಗುವುದೂ ಹೀಗೇ.

ಮಂಡಿಯ ಕಾರ್ಟಿಲೇಜಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ನೀರು. ಉಳಿದದ್ದು ಕೊಲಾಜೆನ್ ಎಳೆಗಳ ಬಲೆ, ಬಲೆಯೊಳಗೆ ನೀರು ಹಿಡಿದಿಡುವ ಪ್ರೊಟಿಯೋಗ್ಲೈಕಾನ್. ಜೀವಕೋಶಗಳು ಶೇ. 5ರಷ್ಟು ಜಾಗವನ್ನೂ ತುಂಬುವುದಿಲ್ಲ. ಒಂದೊಂದೂ ತನ್ನ ಗೂಡಲ್ಲೇ ಸಿಕ್ಕಿಕೊಂಡಿರುತ್ತದೆ, ಸವೆದ ಕಡೆಗೆ ಎದ್ದು ಹೋಗೋಕೆ ಆಗುವುದಿಲ್ಲ.

ಪ್ರಶ್ನೆ: ನರವೇ ಇಲ್ಲ ಅಂದರೆ ಅಮ್ಮನಿಗೆ ನೋವು ಎಲ್ಲಿಂದ? ನಡೆದರೆ ಇನ್ನೂ ಸವೆಯುತ್ತದೆ ಅಂತ ಅವರು ಕೂತಲ್ಲೇ ಕೂತಿರುತ್ತಾರೆ.

ಉತ್ತರ: ನೋವು ಮುಖ್ಯವಾಗಿ ಕೆಳಗಿನ ಮೂಳೆಯದು, ಕೀಲಿನ ಒಳಪೊರೆಯದು. ಅವೆರಡಕ್ಕೂ ನರ ಇದೆ. ಕಾರ್ಟಿಲೇಜ್ ಸದ್ದಿಲ್ಲದೆ ಸವೆಯುತ್ತದೆ, ಅದಕ್ಕೇ ನಮಗೆ ತಡವಾಗಿ ಗೊತ್ತಾಗುವುದು.

ಕೂತೇ ಇರುವುದು ಮಾತ್ರ ಬೇಡ. ರಕ್ತ ಹರಿಯದ ಮೇಲೆ ಕಾರ್ಟಿಲೇಜಿಗೆ ಊಟ ಎಲ್ಲಿಂದ ಹೇಳಿ? ಕೀಲಿನೊಳಗಿನ ಅಂಟು ದ್ರವದಿಂದ. ನೆನೆದ ಸ್ಪಂಜು ಒತ್ತಿ ಬಿಟ್ಟ ಹಾಗೆ, ಕಾಲೂರಿದಾಗ ದ್ರವ ಹೊರಗೆ, ಎತ್ತಿದಾಗ ಒಳಗೆ. ಬರೀ 2ರಿಂದ 4 ಮಿಲಿಮೀಟರ್ ದಪ್ಪದ ಪದರ ಅದು! ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೂ ಆಸರೆ. ಎಷ್ಟು ನಡೆಯಬೇಕು ಅನ್ನುವುದನ್ನು ಅವರ ಮಂಡಿ ನೋಡಿದ ಡಾಕ್ಟರನ್ನೇ ಕೇಳಿ. ಊದಿಕೊಂಡ ದಿನ ಸುಮ್ನೆ ಹಟ ಹಿಡಿದು ನಡೆಸಬೇಡಿ.

ಇನ್ನೊಬ್ಬರ ಪ್ರಶ್ನೆ: ಕಿವಿ ಮಡಚಿ ಬಿಟ್ಟರೆ ಟಪ್ ಅಂತ ನೆಟ್ಟಗಾಗುತ್ತಲ್ಲ, ಅದೂ ಇದೇನಾ?

ಉತ್ತರ: ಇದರ ದಾಯಾದಿ. ಅದರಲ್ಲಿ ಎಲಾಸ್ಟಿನ್ ಎಳೆ ಜಾಸ್ತಿ, ಅದಕ್ಕೇ ಹಾಗೆ ಪುಟಿಯುವುದು. ಬೆನ್ನಿನ ಡಿಸ್ಕ್‌ನದು ಮೂರನೇ ಬಗೆ, ನಾರು ತುಂಬಿ ಬಿಗಿಯಾಗಿರುತ್ತದೆ. ಮೂಗಿನದು ಮಾತ್ರ ಮಂಡಿಯದರ ಸ್ವಂತ ಅಣ್ಣತಮ್ಮ.