ಹಳೇ ಛತ್ರದ ಬೀದಿ ನಿವಾಸಿಗಳು: ನಿನ್ನೆ ರಾತ್ರಿ ಡಿಜೆ ವಿಚಾರ

ಎದುರುಮನೆ ಅಕ್ಕ (ರಾತ್ರಿ 1:50)
ಇನ್ನೂ ನಿಂತಿಲ್ಲ. ಕೇಳಿಸ್ತಿದೆಯಾ ಎಲ್ಲರಿಗೂ? ಕಿಟಕಿ ಬಾಗಿಲು ಹಾಕಿದ್ರೂ ಎದೆಗೆ ಗುದ್ದಿದ ಹಾಗಾಗ್ತಿದೆ. ನಮ್ಮ ಮಾವನವರಿಗೆ ಮೊನ್ನೆ ತಾನೆ ಸ್ಟೆಂಟ್ ಹಾಕಿಸ್ಕೊಂಡು ಬಂದಿದೀವಿ. ಹೋಗಿ ಕೇಳಿದ್ರೆ "ಒಂದು ರಾತ್ರಿ ಅಡ್ಜಸ್ಟ್ ಮಾಡ್ಕೊಳಿ ಅಕ್ಕ" ಅಂತಾರೆ. ಜನರೇಟರ್ ನಮ್ಮ ಗೇಟಿಗೇ ಒತ್ತಿ ನಿಲ್ಸಿದಾರೆ, ಹೊಗೆ ಎಲ್ಲ ಒಳಗೆ. ಬೆಳಗಾಗ್ಲಿ, ಎಲ್ಲ ಬನ್ನಿ, ಛತ್ರಕ್ಕೆ ಬೀಗ ಜಡಿಯೋಣ. ಸಾಕಾಗೋಗಿದೆ.

ಮೂಲೆಮನೆ (1:58)
ನಾವೂ ಎದ್ದು ಕೂತಿದೀವಿ. ಮಗು ಬೆಚ್ಚಿಬೆಚ್ಚಿ ಅಳ್ತಿದೆ. 112ಕ್ಕೆ ಫೋನ್ ಮಾಡಿದ್ದೆ, ಬಂದು ನಿಲ್ಲಿಸಿ ಹೋದ್ರು. ಜೀಪು ತಿರುವು ದಾಟಿದ್ದೇ ತಡ, ಮತ್ತೆ ಶುರು.

ಗಿರಣಿಮನೆ (ಬೆಳಗ್ಗೆ 6:05)
ಶುಭೋದಯ. ಬಿಸಿನೀರಿಗೆ ಜೀರಿಗೆ ಹಾಕಿ ಕುಡಿದರೆ ನೂರು ಕಾಯಿಲೆ ದೂರ. ಹತ್ತು ಜನರಿಗೆ ಕಳುಹಿಸಿ.

ಎದುರುಮನೆ ಅಕ್ಕ
ಅಣ್ಣ, ಕೈ ಮುಗಿತೀನಿ, ಇವತ್ತು ಬೇಡ.

ಡೈರಿ ಅಣ್ಣ
ಮೊದಲು ಇದಕ್ಕೆ ಹೊಣೆ ಯಾರು ಅನ್ನೋದು ಇತ್ಯರ್ಥ ಆಗ್ಲಿ. ಛತ್ರದ ಬುಕಿಂಗ್ ಪುಸ್ತಕ ಬೀದಿಯವರ ಕೈಲಿರಲಿ ಅಂತ ನಾನು ಅವತ್ತೇ ಸಭೇಲಿ ಬಡ್ಕೊಂಡೆ. ಬೇಡ ಅಂದೋರು ಯಾರು? ಹೆಸರು ಹೇಳಲ್ಲ. ಈ ಗುಂಪಲ್ಲೇ ಇದಾರೆ.

ಅಂಗಡಿ ಶೆಟ್ರು
ನನ್ನನ್ನೇ ಅನ್ನೋದಾದ್ರೆ ನೇರವಾಗಿ ಅನ್ನಿ. ಪುಸ್ತಕ ನಿಮ್ಮ ಕೈಗೆ ಬಂದ್ರೆ ನಿಮ್ಮ ಕಡೆಯವರಿಗೇ ತಾರೀಕು ಸಿಗುತ್ತೆ ಅಂದಿದ್ದೆ. ಈಗಲೂ ಅಂತೀನಿ.

ಡೈರಿ ಅಣ್ಣ
ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ ಶೆಟ್ರೆ.

ಡೈರಿ ಅಣ್ಣ
ನಾನು ಈ ಬೀದಿಗೆ ಏನು ಮಾಡಿದೀನಿ ಅಂತ ಎಲ್ಲರಿಗೂ ಗೊತ್ತು.

ಡೈರಿ ಅಣ್ಣ
ಈ ಸಂದೇಶವನ್ನು ಅಳಿಸಲಾಗಿದೆ

ಲೇಔಟ್ ಸರ್
ನನ್ನ ಅಭಿಪ್ರಾಯ: ಕಟ್ಟಡ ಹಳೇದಾಗಿದೆ. ಕೆಡವಿ ಊರಾಚೆ ಹೊಸ ಸಮುದಾಯ ಭವನ ಕಟ್ಟಲಿ. ಇಲ್ಲಿ ಪಾರ್ಕಿಂಗ್ ಮಾಡಬಹುದು. ಇನ್ನು ಕಾನೂನು ನೋಡಿದರೆ ಸಮುದಾಯ ಭವನಕ್ಕೆ ರಾತ್ರಿ ಧ್ವನಿವರ್ಧಕದ ವಿನಾಯಿತಿ ಇದೆ, ದೂರು ನಿಲ್ಲಲ್ಲ.

ಡೈರಿ ಅಣ್ಣ
ನೋಡಿ, ಮೊನ್ನೆ ಸೈಟು ತಗೊಂಡೋರು ನಮ್ಮ ಛತ್ರ ಕೆಡವಕ್ಕೆ ಬಂದ್ರು!

ಮೇಷ್ಟ್ರು
ಎಲ್ಲರೂ ಒಂದು ನಿಮಿಷ ಓದಿ. ಬಾಗಿಲ ಮೇಲಿನ ಕಲ್ಲಲ್ಲಿ 1927 ಅಂತ ಕೆತ್ತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ವರ್ಷ ಅದು. ಸೂರಿನ ಹೆಂಚು ಮಗುಚಿದ್ರೆ ಬಾಸೆಲ್ ಮಿಷನ್ ಮುದ್ರೆ ಸಿಗುತ್ತೆ. ಅವರು ಮಂಗಳೂರಲ್ಲಿ 1865ರಲ್ಲಿ ಕಾರ್ಖಾನೆ ತೆರೆದು ಮಾಡ್ತಿದ್ದ ಹೆಂಚು. ಅದನ್ನ ಕೆಡವಿ ಕಾರು ನಿಲ್ಲಿಸೋ ಮಾತು ಆಡ್ಬೇಡಿ, ಹೊಟ್ಟೆ ಉರಿಯುತ್ತೆ.

ಕಾನೂನಿನ ವಿಚಾರ. ಶಬ್ದ ಮಾಲಿನ್ಯದ ನಿಯಮ 2000ನೇ ಇಸವಿಯದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ. ಸಮುದಾಯ ಭವನಕ್ಕೆ ವಿನಾಯಿತಿ ಅಂತ ಲೇಔಟ್ ಸರ್ ಹೇಳಿದ್ದು ಅರ್ಧ ಸರಿ. ಅದು ಮುಚ್ಚಿದ ಜಾಗದ ಒಳಗಿನವರಿಗೆ ಕೇಳಿಸೋದಕ್ಕೆ ಮಾತ್ರ. ನಮ್ಮದು ತೊಟ್ಟಿ ಛತ್ರ, ನಡುವೆ ಆಕಾಶ ಕಾಣುತ್ತೆ. ನಿನ್ನೆ ಸ್ಪೀಕರ್ ಪೆಟ್ಟಿಗೆಗಳನ್ನ ಇಟ್ಟಿದ್ದಂತೂ ಬೀದಿಯಲ್ಲಿ. ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬಲ್, ಹಗಲಲ್ಲೇ 55. ದೂರು ಖಂಡಿತ ನಿಲ್ಲುತ್ತೆ.

ಮೇಷ್ಟ್ರು
ಈಗ ಹೋಗಿ ನೋಡ್ಕೊಂಡು ಬಂದೆ. ಬಲಗಡೆ ಎರಡನೇ ಕಂಬಕ್ಕೆ ದೀಪದ ಸರ ಕಟ್ಟೋಕೆ ನಾಲ್ಕಿಂಚು ಮೊಳೆ ಹೊಡೆದಿದಾರೆ, ಕಂಬದ ತಲೆಯ ಬೋದಿಗೆಯ ಗಿಳಿ ಕೆತ್ತನೆ ಸೀಳಿದೆ. ಸದ್ದಿನ ಅದುರಿಗೆ ಹೆಂಚು ಜಾರಿ ಜಂತೆ ಕಾಣ್ತಿದೆ. ಒಂದು ಮಳೆ ಬಿದ್ರೆ ನೀರು ನೇರ ಗೋಡೆಗೆ. ಹಿಂದೆ ಗಾರೆ ಗೋಡೆಗೆ ಸಿಮೆಂಟ್ ಮೆತ್ತಿದ ಕಡೆ ತೇವ ಆಚೆ ಹೋಗೋಕೆ ದಾರಿ ಇಲ್ಲದೆ ಆಗಲೇ ಉದುರ್ತಿದೆ.

ಟೈಲರ್, ಕೆಳಗಿನ ಕೇರಿ
ಅಕ್ಕ, ನಿಮ್ಮ ಕಷ್ಟ ನಿಜ, ನನ್ನ ಮಗನ ಪರೀಕ್ಷೆನೂ ಇದೆ. ಆದ್ರೆ ಬೀಗ ಅನ್ಬೇಡಿ. ನಮ್ಮ ತಾತನ್ನ ಆ ಜಗುಲಿ ಹತ್ತಕ್ಕೆ ಬಿಡ್ತಿರಲಿಲ್ಲ. ನನ್ನ ತಂಗಿ ಮದುವೆ ಅದೇ ತೊಟ್ಟಿ ಒಳಗೆ ಆಯ್ತು, 3,000 ರೂಪಾಯಿ ರಸೀದಿ ಇವತ್ತೂ ನಮ್ಮವ್ವ ಪೆಟ್ಟಿಗೇಲಿ ಇಟ್ಟವ್ಳೆ. ಪೇಟೆ ಕಲ್ಯಾಣ ಮಂಟಪದವರು ಲಕ್ಷದ ಮೇಲೆ ಕೇಳ್ತಾರೆ. ಬೀಗ ಹಾಕಿದ್ರೆ ದುಡ್ಡಿರೋರು ಪೇಟೆಗೆ ಹೋಗ್ತಾರೆ. ನಾವೆಲ್ಲಿಗೆ ಹೋಗೋದು?

ಎದುರುಮನೆ ಅಕ್ಕ
ತಮ್ಮಾ, ಮದುವೆ ಬೇಡ ಅಂತ ನಾನ್ಯಾಕೆ ಅನ್ಲಿ. ರಾತ್ರಿ ಮಲಗೋಕೆ ಬಿಡಿ ಅಂತಿದೀನಿ ಅಷ್ಟೆ. ನಿಯಮ ಮಾಡಿದ್ರೆ ಬೀಗ ಬೇಡ.

ಮೇಷ್ಟ್ರು
ಹಾಗಾದ್ರೆ ಬಾಡಿಗೆ ಕರಾರು ಬಿಗಿ ಮಾಡೋಣ. 5,000 ಮುಂಗಡ ಠೇವಣಿ, ಹತ್ತು ಗಂಟೆ ಮೀರಿದ್ರೆ ಅದು ವಾಪಸ್ ಇಲ್ಲ. ಡಿಜೆ ಬೇಡವೇ ಬೇಡ, ಓಲಗಕ್ಕೆ ಅಡ್ಡಿ ಇಲ್ಲ. ಜನರೇಟರ್ ಹಿತ್ತಲಲ್ಲಿ ನಿಲ್ಲಬೇಕು. ಮೊಳೆ ಹೊಡೆಯೋ ಹಾಗಿಲ್ಲ, ಹಗ್ಗ ಕಟ್ಟಲಿ. ಎಂಜಲೆಲೆ ಬಾಡಿಗೆ ಹಿಡಿದೋರೇ ಸಾಗಿಸಬೇಕು. ಠೇವಣಿಯಿಂದ ಉಳಿದ ದುಡ್ಡು ಹೆಂಚಿಗೆ, ಗಾರೆಗೆ. ಪಿಡಿಒಗೆ ಮನವಿ ಬರೆದು ಶೆಟ್ರ ಅಂಗಡಿಯಲ್ಲಿ ಇಟ್ಟಿರ್ತೀನಿ, ಸಹಿ ಹಾಕಿ.

ಮೂಲೆಮನೆ
ಮೇಷ್ಟ್ರು ಹೇಳಿದ್ದು ಸರಿ.

ಡೈರಿ ಅಣ್ಣ
ಶೆಟ್ರ ಅಂಗಡಿಯಲ್ಲಿ ಯಾಕೆ? ಡೈರಿ ಹತ್ರ ಇಡಿ, ಬೆಳಗ್ಗೆ ಹಾಲಿಗೆ ಊರೇ ಬರುತ್ತೆ. ಅಲ್ದೆ ಪಿಡಿಒಗೆ ಕೊಟ್ಟು ಏನ್ ಪ್ರಯೋಜನ? ಛತ್ರ ಮುಜರಾಯಿದು. ತಹಶೀಲ್ದಾರ್‌ಗೆ ಕೊಡಬೇಕು.

ಅಂಗಡಿ ಶೆಟ್ರು
ಮುಜರಾಯಿದಾದ್ರೆ ಬಾಡಿಗೆ ರಸೀದಿ ಪಂಚಾಯ್ತಿಯದು ಯಾಕೆ?

ಡೈರಿ ಅಣ್ಣ
ಅದನ್ನೇ ನಾನು ಕೇಳ್ತಿರೋದು! ದುಡ್ಡು ಎಲ್ಲಿಗೆ ಹೋಗ್ತಿದೆ? ಮೊದಲು ಖಾತೆ ಯಾರ ಹೆಸರಲ್ಲಿದೆ ತೆಗೆಸಿ. ಅಲ್ಲೀವರೆಗೆ ಯಾರೂ ಸಹಿ ಹಾಕ್ಬೇಡಿ.

ಮೇಷ್ಟ್ರು
ಖಾತೆ ನಕಲು ನಾನೇ ಅರ್ಜಿ ಹಾಕಿ ತೆಗೆಸ್ತೀನಿ. ಸಹಿ ನಿಲ್ಲಿಸ್ಬೇಡಿ. ಮುಂದಿನ ಶುಕ್ರವಾರ ಇನ್ನೊಂದು ಮದುವೆ ಬುಕ್ ಆಗಿದೆ.

ಗಿರಣಿಮನೆ
ಆ ಮದುವೆ ನಮ್ಮ ಷಡ್ಡಕನ ಮಗಳದ್ದು. ಡಿಜೆಗೆ ಮುಂಗಡ ಕೊಟ್ಟಾಗಿದೆ. ಇದೊಂದು ಆಗೋಗ್ಲಿ, ಆಮೇಲೆ ನಿಯಮ ಮಾಡಿ.

ಎದುರುಮನೆ ಅಕ್ಕ
ಜೀರಿಗೆ ನೀರು ಯಾಕೆ ಬಂತು ಅಂತ ಈಗ ಗೊತ್ತಾಯ್ತು.

ಮೂಲೆಮನೆ
😂😂

ಲೇಔಟ್ ಸರ್
ಒಂದು ಪ್ರಶ್ನೆ. ಇವತ್ತು ಯಾರ ಮನೆ ನಲ್ಲಿಯಲ್ಲಾದರೂ ನೀರು ವಾಸನೆ ಬರ್ತಿದೆಯಾ?

ಮೂಲೆಮನೆ
ನಮ್ಮಲ್ಲೂ! ಬಕೆಟ್ ತಳದಲ್ಲಿ ಕಪ್ಪಗೆ ಕೂತಿದೆ.

ಟೈಲರ್, ಕೆಳಗಿನ ಕೇರಿ
ನಿನ್ನೆಯ ಊಟದ ತಟ್ಟೆ ಲೋಟ ಎಲ್ಲ ಚರಂಡಿಗೆ ಸುರಿದವ್ರೆ. ಅದು ಕಟ್ಕೊಂಡು, ಪೈಪಿಗೆ ಅಂತ ಅಗೆದು ಬಿಟ್ಟಿರೋ ಗುಂಡಿಗೆ ಚರಂಡಿ ನೀರು ಇಳೀತಿದೆ. ಪೈಪಿನ ಜಾಯಿಂಟ್ ಅಲ್ಲೇ ಇರೋದು.

ಡೈರಿ ಅಣ್ಣ
ಗುಂಡಿ ಮುಚ್ಚಿ ಅಂತ ಯುಗಾದಿಯಿಂದ ಹೇಳ್ತಿದೀನಿ! ಗುತ್ತಿಗೆದಾರನ್ನ ಹಿಡೀಬೇಕು. ನಾಳೆ 8 ಗಂಟೆಗೆ ಎಲ್ಲ ಟ್ಯಾಂಕ್ ಹತ್ರ ಬನ್ನಿ. ಮನೆಗೊಬ್ರು.

ಎದುರುಮನೆ ಅಕ್ಕ
ಬರ್ತೀವಿ. ಅಲ್ಲೀವರೆಗೆ ಕುದಿಸಿ ಕುಡೀರಿ ಎಲ್ಲರೂ, ಮಕ್ಕಳಿರೋ ಮನೆಯವರು ಮುಖ್ಯವಾಗಿ.

ಮೇಷ್ಟ್ರು
ಮನವೀನ ಅಲ್ಲಿಗೇ ತರ್ತೀನಿ. ಇಲ್ಲೀವರೆಗೆ ನಾಲ್ಕೇ ಸಹಿ ಆಗಿರೋದು. ಮೊಳೆ ಕೀಳಿಸೋಕೆ ಬಡಗಿಗೂ ಹೇಳಿದೀನಿ, ಕೂಲಿ ನಾನು ಕೊಡ್ತೀನಿ.

ಡೈರಿ ಅಣ್ಣ
ಛತ್ರ ಎಲ್ಲೂ ಓಡಿ ಹೋಗಲ್ಲ ಮೇಷ್ಟ್ರೇ, ನಾಳೆ ನೀರಿನ ವಿಷಯ ಮಾತ್ರ. ಎಲ್ಲರೂ ಮನೆ ನಲ್ಲಿ ನೀರು ಒಂದೊಂದು ಬಾಟಲಿ ಹಿಡ್ಕೊಂಡು ಬನ್ನಿ. ಮುಚ್ಚಳದ ಮೇಲೆ ಮನೆ ನಂಬರ್ ಬರೀರಿ.