ಗ್ರಿಪ್ ಅಂದರೆ ಹಲ್ಲೋ, ಹಿಡಿತವೋ?

ಗೆಳೆಯರೇ, ನಮಸ್ಕಾರ.

ಗ್ರಿಪ್ ಅನ್ನುವ ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿದೆ. ಅದಕ್ಕೇನು, ಹಿಡಿತ ಅಂದರೆ ಮುಗೀತಲ್ವಾ ಅಂತ ಬಿಟ್ಟುಬಿಡಬೇಡಿ. ಕಳೆದ ತಿಂಗಳು ಕಾರಿಗೆ ಹೊಸ ಟೈರು ಹಾಕಿಸಬೇಕು ಅಂತ ಶಿವಮೊಗ್ಗದಲ್ಲಿ ಮೂರು ಅಂಗಡಿ ಸುತ್ತಿದೆ. ಮೂರೂ ಕಡೆ ಈ ಪದ ಕಿವಿಗೆ ಬಿತ್ತು. ಆದರೆ ಹೇಳಿದವರ ಮನಸ್ಸಿನಲ್ಲಿದ್ದ ಅರ್ಥ ಬೇರೆ ಬೇರೆ. ಒಬ್ಬರಿಗೆ ಅದು ಕಣ್ಣಿಗೆ ಕಾಣುವ ವಸ್ತು. ಇನ್ನೊಬ್ಬರಿಗೆ ಬ್ರೇಕ್ ಒತ್ತಿದಾಗಷ್ಟೇ ಗೊತ್ತಾಗುವ ಗುಣ. ಈ ಎರಡೂ ಕಲಸಿಹೋಗಿದ್ದರಿಂದ ಜೂನ್ ತಿಂಗಳಲ್ಲಿ ನಾವು ಅಪಾಯಕ್ಕೆ ಸಿಕ್ಕಿಕೊಂಡಿದ್ದೆವು. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮದು 2018ರ ಡಿಜೈರ್, ಡಿಕ್ಕಿ ಇರುವ ಕಾರು. ಬ್ರಿಟನ್ನಿನವರು ಇಂಥ ಕಾರಿಗೆ ಸಲೂನ್ ಅನ್ನುತ್ತಾರೆ, ನಮ್ಮಲ್ಲಿ ಸಲೂನ್ ಅಂದರೆ ಕ್ಷೌರದ ಅಂಗಡಿ. ಎರಡೂ ದೊಡ್ಡ ಕೋಣೆ ಅನ್ನುವ ಅರ್ಥದ ಒಂದೇ ಫ್ರೆಂಚ್ ಪದದಿಂದ ಬಂದವು, ಅದು ಇನ್ನೊಂದು ದಿನದ ಮಾತು. ಕಾರು ಓಡಿರುವುದು 46,000 ಕಿಲೋಮೀಟರ್ ಮಾತ್ರ. ಟೈರು ಕಾರಿನ ಜೊತೆ ಬಂದದ್ದೇ. ಬೇಸಿಗೆಯಲ್ಲಿ ಗಾಳಿ ಹೊಡೆಸಲು ಹೋದಾಗ, ಇನ್ನು ಟೈರು ಬದಲಿಸಬೇಕಾ ಅಂತ ಪಂಚರ್ ಅಂಗಡಿಯವರನ್ನು ಕೇಳಿದೆ. ಅವರು ಬಗ್ಗಿ, ಗೆರೆಗಳ ನಡುವೆ ಬೆರಳಿಟ್ಟು ನೋಡಿ, 'ಗ್ರಿಪ್ ಇನ್ನೂ ಇದೆ ಸಾರ್, ಈ ಮಳೆಗಾಲ ಆರಾಮಾಗಿ ಓಡಿಸಿ' ಅಂದರು. ನಾನು ನೆಮ್ಮದಿಯಿಂದ ಮನೆಗೆ ಬಂದೆ.

ಆರಿದ್ರಾ ಮಳೆ ಹಿಡಿದ ವಾರ ಉಡುಪಿಗೆ ಹೊರಟೆವು. ಆಗುಂಬೆ ಘಾಟಿ ಇಳಿಯುವಾಗ, ಅಲ್ಲಿನ 14 ತಿರುವುಗಳಲ್ಲಿ ಆರನೆಯದೋ ಏಳನೆಯದೋ ಇರಬೇಕು, ಎದುರಿಗೆ ಮಿನಿ ಬಸ್ಸು ಬಂತು. ಬ್ರೇಕ್ ಒತ್ತಿದೆ. ಪೆಡಲು ಗಡಗಡ ಅಂತ ಕಾಲಿಗೆ ಬಡಿಯಿತು, ಕಾರು ನಿಲ್ಲದೆ ಜಾರಿತು. ಬಸ್ಸಿನವರು ಅಷ್ಟು ದೂರದಲ್ಲೇ ನಿಲ್ಲಿಸಿಕೊಂಡಿದ್ದರಿಂದ ಏನೂ ಆಗಲಿಲ್ಲ. ಹಿಂದೆ ಕೂತಿದ್ದ ಅಪ್ಪ ಮಾತಾಡಲಿಲ್ಲ. ಕೆಳಗೆ ಸೋಮೇಶ್ವರದಲ್ಲಿ ಚಹಾಕ್ಕೆ ನಿಂತಾಗ ಇಳಿದು ಹೋಗಿ, ಮುಂದಿನ ಟೈರಿಗೆ ಉಗುರು ಒತ್ತಿ ನೋಡಿದರು. 'ಹಲ್ಲು ಐತಪ್ಪ, ಕಚ್ಚಂಗಿಲ್ಲ' ಅಂದರು.

ಅಪ್ಪ ಹೊನ್ನಾಳಿ ಕಡೆಯವರು. ಕಾರು ಓಡಿಸಿದವರಲ್ಲ, ಬಂಡಿ ಹೊಡೆದವರು. ಪಂಚರ್ ಅಂಗಡಿಯವರು ಗ್ರಿಪ್ ಅನ್ನುವ ಒಂದೇ ಪದದಲ್ಲಿ ಮುಚ್ಚಿಟ್ಟದ್ದನ್ನು ಅವರು ಎರಡು ಪದದಲ್ಲಿ ಬಿಡಿಸಿಟ್ಟರು. ಟೈರಿನ ಮೈಮೇಲೆ ಎದ್ದು ಕಾಣುವ ರಬ್ಬರಿನ ತುಂಡುಗಳು ಹಲ್ಲು. ಅವು ರಸ್ತೆಯನ್ನು ಹಿಡಿಯುವುದು ಕಚ್ಚುವುದು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಅವರು ನೋಡಿದ್ದು ಹಲ್ಲನ್ನು, ಅದು ನಿಜವಾಗಿಯೂ ಇತ್ತು. ಮನೆಗೆ ಬಂದು ಅಳೆದೆ, 4 ಮಿಲಿಮೀಟರ್ ಆಳ ಉಳಿದಿತ್ತು. ಕಾನೂನಿನ ಪ್ರಕಾರ ಕಾರಿನ ಟೈರಿಗೆ 1.6 ಮಿಲಿಮೀಟರ್ ಇದ್ದರೂ ಸಾಕು. ಆದರೆ ಏಳು ವರ್ಷದ ರಬ್ಬರು ಪೆಡಸಾಗಿತ್ತು. ಬಿಸಿಲಿಗೆ ಬಿಟ್ಟ ಹಳೇ ಚಪ್ಪಲಿಯ ಅಟ್ಟೆ ಹೇಗಾಗುತ್ತದೋ ಹಾಗೆ. ಟೈರಿನ ಪಕ್ಕದಲ್ಲಿ ಒತ್ತಿದ್ದ ನಾಲ್ಕು ಅಂಕಿ 1418. ಅಂದರೆ 2018ರ ಹದಿನಾಲ್ಕನೇ ವಾರ ತಯಾರಾದದ್ದು. ಅಂಗಡಿಯವರೂ ನೋಡಲಿಲ್ಲ, ನಾನೂ ನೋಡಿರಲಿಲ್ಲ.

ಹಲ್ಲು ಮತ್ತು ಕಚ್ಚುವುದು ಬೇರೆ ಬೇರೆ ಅನ್ನುವುದಕ್ಕೆ ಇನ್ನೊಂದು ಗಟ್ಟಿ ಸಾಕ್ಷಿ ಇದೆ. ಫಾರ್ಮುಲಾ ಒನ್ ಕಾರುಗಳ ಒಣ ರಸ್ತೆಯ ಟೈರು ಪೂರ್ತಿ ಬೋಳು. ಒಂದು ಗೆರೆಯೂ ಇರುವುದಿಲ್ಲ. ಆದರೂ ನಮ್ಮ ಯಾವ ಕಾರಿನ ಟೈರಿಗಿಂತಲೂ ಹೆಚ್ಚು ಬಲವಾಗಿ ರಸ್ತೆ ಹಿಡಿಯುತ್ತದೆ, ಯಾಕಂದರೆ ಅದರ ರಬ್ಬರು ಅಷ್ಟು ಮೆತ್ತಗೆ, ಬಿಸಿಯಾದಾಗ ಅಂಟಂಟು. ನಮ್ಮ ಟೈರಿಗೆ ಗೆರೆ ಕೊಟ್ಟಿರುವುದು ಮುಖ್ಯವಾಗಿ ನೀರಿಗಾಗಿ. ಮಳೆನೀರು ಆ ಕಾಲುವೆಗಳಲ್ಲಿ ಹರಿದು ಹೊರಗೆ ಹೋಗಬೇಕು, ರಬ್ಬರು ನೆಲ ಮುಟ್ಟಬೇಕು. ನೀರು ಹೊರಹೋಗದಿದ್ದರೆ ಟೈರು ನೀರಿನ ಪದರದ ಮೇಲೆ ಏರಿ ನಿಲ್ಲುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಇಲ್ಲೂ ನಮಗೆ ಎರಡು ಒಳ್ಳೆಯ ಪದ ಇವೆ ನೋಡಿ. ಒಂದು ಜಾರು, ಒಂದು ತೇಲು. ಹಲ್ಲು ಸವೆದ ಟೈರು ನಿಂತ ನೀರಿನ ಮೇಲೆ ತೇಲುತ್ತದೆ. ಪೆಡಸಾದ ಟೈರು ಸುಮ್ನೆ ಒದ್ದೆಯಾದ ರಸ್ತೆಯಲ್ಲೂ ಜಾರುತ್ತದೆ. ಘಾಟಿಯಲ್ಲಿ ನಮಗಾದದ್ದು ಎರಡನೆಯದು. ಅಲ್ಲಿ ನೀರು ನಿಂತಿರಲಿಲ್ಲ, ವೇಗವೂ ಇರಲಿಲ್ಲ. ಆದರೆ ಊರಲ್ಲಿ ಯಾರಿಗೆ ಹೇಳಿದರೂ ಎರಡಕ್ಕೂ ಒಂದೇ ಮಾತು, ಗ್ರಿಪ್ ಇಲ್ಲ ಅಂತ.

ಈಗ ಅಂಗಡಿಗಳ ಮಾತಿಗೆ ಬರುತ್ತೇನೆ. ನಮ್ಮ ಕಾರಿನ ಅಳತೆ 185/65 ಆರ್ 15. ಮೂರು ಅಂಗಡಿಯಲ್ಲಿ ಮೂರು ಕಂಪನಿಯ ಟೈರು ತೋರಿಸಿದರು. ಒಂದಕ್ಕೆ ಐದು ಸಾವಿರದಿಂದ ಆರು ಸಾವಿರದ ಒಳಗೆ, ಹೆಚ್ಚು ಅಂತರ ಇಲ್ಲ. ಮೊದಲನೆಯವರು 'ಇದು ಲೈಫ್ ಜಾಸ್ತಿ' ಅಂದರು. ಲೈಫ್ ಅನ್ನುವುದಕ್ಕೆ ಬಾಳಿಕೆ ಅನ್ನುವ ಚಂದದ ಪದ ಇದೆ, ಸೀರೆಗೂ ಕೊಡಕ್ಕೂ ಹೇಳುತ್ತೇವೆ, ಅದರ ಬಗ್ಗೆ ನನ್ನ ತಕರಾರು ಏನಿಲ್ಲ. ಎರಡನೇ ಅಂಗಡಿಯ ಹುಡುಗ ಇನ್ನೊಂದು ಟೈರನ್ನು ಉರುಳಿಸಿಕೊಂಡು ಬಂದು, 'ಅಣ್ಣ, ಇದ್ರಲ್ಲಿ ಗ್ರಿಪ್ ಜಾಸ್ತಿ' ಅಂದ. ಗ್ರಿಪ್ ಅಂದರೆ ಏನು ತೋರಿಸು ಅಂದೆ. ಅವನು ಹಲ್ಲಿನ ಆಳ ತೋರಿಸಿದ. ಮಳೆಯಲ್ಲಿ ಬ್ರೇಕ್ ಹಾಕಿದರೆ ಇದು ಬೇಗ ನಿಲ್ಲುತ್ತದಾ ಅಂತ ಕೇಳಿದೆ. 'ಗ್ರಿಪ್ ಜಾಸ್ತಿ ಅಂದ ಮೇಲೆ ನಿಲ್ಲಲೇಬೇಕಲ್ಲ ಅಣ್ಣ' ಅಂದ. ಅವನದು ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಗೆ ಸಿಕ್ಕಿರುವುದೇ ಒಂದು ಪದ. ಆ ಪದ ಅವನನ್ನು ಹಲ್ಲಿನಿಂದ ಹಿಡಿತಕ್ಕೆ ಗೊತ್ತಾಗದ ಹಾಗೆ ದಾಟಿಸಿಬಿಡುತ್ತದೆ. ಕೊಳ್ಳುವವನನ್ನೂ ಅಷ್ಟೇ.

ಮೂರನೇ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂತಿದ್ದ ಹೆಂಗಸು, ನನಗಿಂತ ಹಿರಿಯರು, ಟೈರಿನ ಮೇಲೆ ಹೆಬ್ಬೆರಳ ಉಗುರು ಒತ್ತಿ ತೋರಿಸಿದರು. ಥೇಟ್ ಅಪ್ಪ ಮಾಡಿದ ಹಾಗೆಯೇ. 'ಇದು ಸಾಫ್ಟ್ ಕಾಂಪೌಂಡ್. ಮಳೇಲಿ ರೋಡ್ ಕಚ್ಕೊಂಡು ಹೋಗುತ್ತೆ. ಆದ್ರೆ ಬೇಗ ಸವೆಯುತ್ತೆ, ಆಮೇಲೆ ನನ್ನ ಬೈಬೇಡಿ' ಅಂದರು. ಇಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಿರಲಿಲ್ಲ. ನಾನು ಕೊಂಡದ್ದು ಅದನ್ನೇ. ಮೆತ್ತಗಿದ್ದರೆ ಕಚ್ಚುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯಿದ್ದರೆ ಬಾಳಿಕೆ ಬರುತ್ತದೆ, ಜಾರುತ್ತದೆ. ರಬ್ಬರಿಗೆ ಸಿಲಿಕಾ, ಅಂದರೆ ಮರಳಿನ ಮೂಲದ ನುಣ್ಣನೆ ಪುಡಿ, ಸೇರಿಸಲು ಶುರುಮಾಡಿದ ಮೇಲೆ ಈ ಎಳೆದಾಟ ಸ್ವಲ್ಪ ಸಡಿಲವಾಗಿದೆಯೇ ಹೊರತು ಪೂರ್ತಿ ಹೋಗಿಲ್ಲ.

ಕಾಂಪೌಂಡ್ ಅನ್ನುವ ಪದವನ್ನೂ ಇಲ್ಲೇ ಕೇಳಿಬಿಡುತ್ತೇನೆ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ, 'ಟೈರಿಗೆ ಕಾಂಪೌಂಡ್ ಎಲ್ಲಿ ಬಂತು ರೀ' ಅಂದಳು. ಕನ್ನಡದಲ್ಲಿ ಕಾಂಪೌಂಡ್ ಅಂದರೆ ಮನೆ ಸುತ್ತಲಿನ ಗೋಡೆ, ಅವಳ ಪ್ರಶ್ನೆ ಸರಿಯಾಗೇ ಇದೆ. ಹುಡುಕಿ ನೋಡಿದರೆ ಇಂಗ್ಲಿಷಿನಲ್ಲೂ ಇವು ಎರಡು ಬೇರೆ ಪದಗಳು. ಆವರಣ ಅನ್ನುವ ಅರ್ಥದ್ದು ಮಲಯ ಭಾಷೆಯ ಕಂಪುಂಗ್ ಅನ್ನುವುದರಿಂದ ಬಂದಿರಬೇಕು ಅನ್ನುತ್ತಾರೆ. ಮಿಶ್ರಣ ಅನ್ನುವ ಅರ್ಥದ್ದು ಲ್ಯಾಟಿನ್ ಮೂಲದ್ದು. ಟೈರಿನದು ಎರಡನೆಯದು. ಇದಕ್ಕೆ ಕನ್ನಡದಲ್ಲಿ ರಬ್ಬರಿನ ಹದ ಅಂದರೆ ಹೇಗೆ? ಮಣ್ಣಿಗೆ ಹದ, ಪಾಕಕ್ಕೆ ಹದ, ಚರ್ಮಕ್ಕೆ ಹದ. ರಬ್ಬರಿಗೂ ಗಂಧಕ, ಮಸಿ, ಎಣ್ಣೆ, ಸಿಲಿಕಾ ಸೇರಿಸಿ ಹದ ಮಾಡುತ್ತಾರೆ. ಮೆತ್ತನೆ ಹದದ ಟೈರು ಅಂದರೆ ಹೊನ್ನಾಳಿಯ ಅಪ್ಪನಿಗೂ ತಿಳಿಯುತ್ತದೆ, ಉಡುಪಿಯ ಅತ್ತೆಗೂ ತಿಳಿಯುತ್ತದೆ. ನನಗೆ ಇದು ತುಂಬಾ ಹಿಡಿಸಿದೆ, ನೀವು ಏನಂತೀರಿ?

ಇದು ನನ್ನೊಬ್ಬನ ಹಂಬಲ ಅಲ್ಲ, ಈಗ ನಿಜವಾದ ಅಗತ್ಯ. 2022ರಲ್ಲಿ ಕೇಂದ್ರ ಸರ್ಕಾರ ಟೈರುಗಳಿಗೆ ಮೂರು ಗುಣಗಳ ಮಟ್ಟ ಗೊತ್ತುಮಾಡಿತು. ಉರುಳುವಾಗ ಎಷ್ಟು ಶಕ್ತಿ ತಿನ್ನುತ್ತದೆ, ಒದ್ದೆ ರಸ್ತೆಯಲ್ಲಿ ಎಷ್ಟು ಹಿಡಿಯುತ್ತದೆ, ಎಷ್ಟು ಸದ್ದು ಮಾಡುತ್ತದೆ. ಇವನ್ನು ಕನ್ನಡದಲ್ಲಿ ಬರೆಯುವವರು ಏನು ಬರೆಯಬೇಕು? ಎರಡನೆಯದಕ್ಕೆ ಆರ್ದ್ರ ಹಿಡಿತ ಅಂತ ಬರೆದದ್ದನ್ನು ಒಮ್ಮೆ ಓದಿದೆ. ಆರ್ದ್ರ ಅಂದರೆ ಒದ್ದೆ, ಅರ್ಥ ಸರಿಯೇ, ನಮ್ಮ ಆರಿದ್ರಾ ಮಳೆಯ ಹೆಸರೂ ಅದೇ. ಆದರೆ ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತ ಗಾದೆ ಹೇಳುವ ರೈತರಿಗೆ ಆ ಪದ ಮಳೆಯ ಹೆಸರು ಮಾತ್ರ, ಒದ್ದೆ ಅನ್ನುವ ಅರ್ಥ ಅದರಲ್ಲಿ ಕೇಳಿಸುವುದಿಲ್ಲ. ಮಳೆಹಿಡಿತ ಅನ್ನಬಹುದಾ ಅಂತ ಯೋಚಿಸಿದೆ. ಅದರಲ್ಲಿ ಒಂದು ತೊಡಕಿದೆ. ಮಲೆನಾಡಿನಲ್ಲಿ ಮಳೆ ಹಿಡೀತು ಅಂದರೆ ಮಳೆ ಬಿಡದೆ ಶುರುವಾಯಿತು ಅಂತ ಅರ್ಥ. ಒದ್ದೆ ನೆಲದ ಹಿಡಿತ ಅನ್ನುವುದು ಉದ್ದ, ಆದರೆ ತಪ್ಪು ತಿಳಿಯಲು ಜಾಗ ಇಲ್ಲ. ಮೊದಲನೆಯದಕ್ಕೆ ಉರುಳು ತಡೆ ಅನ್ನುವುದು ನನ್ನ ಸಲಹೆ. ಮೂರನೆಯದಕ್ಕೆ ಸದ್ದು ಸಾಕು.

ಇನ್ನು ಟೈರು ಅನ್ನುವ ಪದವನ್ನೇ ಬದಲಿಸಬೇಕು ಅನ್ನುವ ಗೆಳೆಯರು ಇಲ್ಲಿದ್ದಾರೆ, ಅವರಿಗೆ ಒಂದು ಮಾತು. ಇಂಗ್ಲಿಷಿನ ಟೈರ್ ಮೊದಲು ರಬ್ಬರಿನದಲ್ಲ. ಉಡುಗೆ ತೊಡುಗೆ ಅನ್ನುವ ಅರ್ಥದ ಪದದ ತುಂಡು ಅದು, ಬಂಡಿ ಚಕ್ರಕ್ಕೆ ತೊಡಿಸುತ್ತಿದ್ದ ಕಬ್ಬಿಣದ ಪಟ್ಟಿಗೆ ಆ ಹೆಸರು ಇತ್ತು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಜಾನ್ ಡನ್‌ಲಪ್ ಅನ್ನುವ ಪಶುವೈದ್ಯರು ಚಕ್ರಕ್ಕೆ ಗಾಳಿ ತುಂಬಿದ ರಬ್ಬರು ಕಟ್ಟಿದಾಗ ಹಳೇ ಹೆಸರೇ ಹೊಸ ವಸ್ತುವಿಗೂ ನಡೆಯಿತು. ನಮ್ಮಲ್ಲೂ ಆ ಕಬ್ಬಿಣದ ಪಟ್ಟಿಗೆ ಪದ ಇತ್ತು. ಅಪ್ಪ ಅದನ್ನು ಹಳಿ ಅನ್ನುತ್ತಾರೆ. ಹಳಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದ ಹೊತ್ತಿನಲ್ಲಿ ಮರದ ಚಕ್ರದ ಮೇಲೆ ಕೂರಿಸಿ, ಕೊಡಗಟ್ಟಲೆ ನೀರು ಹೊಯ್ದರೆ ಅದು ಕುಗ್ಗಿ ಮರವನ್ನು ಬಿಗಿಯುತ್ತಿತ್ತು. ಅಂಥ ಚಕ್ರದ ಬಂಡಿ ಹಳಿಬಂಡಿ. ರಬ್ಬರು ಚಕ್ರ ಬಂದಾಗ ಅದು ಟೈರುಬಂಡಿ ಆಯಿತು, ಹಳಿ ಅನ್ನುವ ಪದ ರಬ್ಬರಿಗೆ ಹೋಗಲಿಲ್ಲ. ಹಳಿ ಅಂದರೆ ಇವತ್ತು ಎಲ್ಲರಿಗೂ ನೆನಪಾಗುವುದು ರೈಲು. ಚಕ್ರಕ್ಕೆ ಸುತ್ತಿದ ಕಬ್ಬಿಣಕ್ಕೂ ಚಕ್ರದ ಕೆಳಗೆ ಹಾಸಿದ ಕಬ್ಬಿಣಕ್ಕೂ ಒಂದೇ ಹೆಸರು, ನನಗೆ ಇದು ಬಹಳ ಸೊಗಸಾಗಿ ಕಾಣುತ್ತದೆ. ಟೈರು ಕನ್ನಡದ್ದೇ ಆಗಿಹೋಗಿದೆ, ಉತ್ತರದ ಕಡೆ ಟಾಯರ್ ಅನ್ನುತ್ತಾರೆ, ಅದು ಇರಲಿ. ನಾನು ಕೇಳುತ್ತಿರುವುದು ಟೈರಿನ ಗುಣಗಳಿಗೆ ಪದ.

ಅಳತೆಯಲ್ಲಿರುವ ಆರ್ ಬಗ್ಗೆಯೂ ಒಂದು ಮಾತು. ಮೊದಲನೇ ಅಂಗಡಿಯವರು ಅದು ರೇಡಿಯಸ್, 15 ಇಂಚು ಅಂದರು. ಅಲ್ಲ. 15 ಇಂಚು ಅನ್ನುವುದು ರಿಮ್ಮಿನ ಪೂರ್ತಿ ಅಡ್ಡಳತೆ. ಆರ್ ಅಂದರೆ ರೇಡಿಯಲ್, ಟೈರಿನ ಒಳಗಿನ ದಾರಗಳನ್ನು ಹೆಣೆದ ರೀತಿ. ಆ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ, ಪಕ್ಕದಿಂದ ನೋಡಿದರೆ ಬಂಡಿ ಚಕ್ರದ ಅರಗಳ ಹಾಗೆ. ಲ್ಯಾಟಿನ್ನಿನ ಮೂಲ ಪದಕ್ಕೂ ಚಕ್ರದ ಅರ ಅನ್ನುವ ಅರ್ಥ ಇದೆ. ಇದನ್ನು ಹೇಳಿದಾಗ ಅಪ್ಪನಿಗೆ ತುಂಬಾ ಖುಷಿಯಾಯಿತು.

ಹಾಗಾದರೆ ನನ್ನ ಪ್ರಶ್ನೆ ಇಷ್ಟು. ಕಣ್ಣಿಗೆ ಕಾಣುವ ಗ್ರಿಪ್ಪಿಗೆ ಹಲ್ಲು, ರಸ್ತೆ ಹಿಡಿಯುವ ಗ್ರಿಪ್ಪಿಗೆ ಹಿಡಿತ ಅಥವಾ ಕಚ್ಚು, ಹೀಗೆ ಬೇರೆ ಮಾಡಿ ಬಳಸಬಹುದಾ? ಹಿಡಿತ ಅಂದರೆ ಕೆಲವು ಕಡೆ ದುಡ್ಡು ಬಿಚ್ಚದ ಗುಣವೂ ಹೌದು, ಹಿಡಿತದ ಮನುಷ್ಯ ಅನ್ನುತ್ತೇವೆ. ಅದರಿಂದ ಇಲ್ಲಿ ಗೊಂದಲ ಆಗಲಾರದು ಅಂತ ನನ್ನ ಅನಿಸಿಕೆ. ಹಲ್ಲು ಅನ್ನುವುದರ ಬಗ್ಗೆ ನನಗೆ ಪೂರ್ತಿ ಧೈರ್ಯ ಇಲ್ಲ. ಗರಗಸಕ್ಕೆ, ಬಾಚಣಿಗೆಗೆ, ಗೇರ್ ಚಕ್ರಕ್ಕೆ ಹಲ್ಲು ಅನ್ನುತ್ತೇವೆ, ಟೈರಿಗೆ ಅಪ್ಪನ ಬಾಯಲ್ಲಿ ಮಾತ್ರ ಕೇಳಿದ್ದೇನೆ. ಲಾರಿಯವರು ಬಟನ್ ಅನ್ನುವುದನ್ನು ಕೇಳಿದ್ದೇನೆ. ಗೆರೆ, ಕಟ್ಟೆ, ಅಚ್ಚು, ಇನ್ನೇನಾದರೂ ನಿಮ್ಮ ಕಡೆ ಇದ್ದರೆ ಯಾವ ಊರು, ಯಾವ ಕೆಲಸದವರು ಹೇಳಿದ್ದು ಅನ್ನುವುದನ್ನೂ ಸೇರಿಸಿ ಬರೆಯಿರಿ. ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸುವವರು ಇದ್ದರೆ ದಯವಿಟ್ಟು ಅವರನ್ನೇ ಮೊದಲು ಕೇಳಿ. ಹಿಂದಿನ ದೊಡ್ಡ ಗಾಲಿಯ ಮೇಲೆ ಓರೆಯಾಗಿ ಎದ್ದಿರುವ ಆ ದಪ್ಪ ರಬ್ಬರಿನ ಏಣುಗಳು ಕೆಸರು ಗದ್ದೆಯಲ್ಲಿ ಸವೆದುಹೋದಾಗ, ಅವರು ಏನು ಸವೆಯಿತು ಅನ್ನುತ್ತಾರೆ?